ಅಳತೆಯ ನೀರು

"ಚಪ್ಪಲಿ ಬಿಡ್ರಿ ಅಕ್ಕಾರ."

"ಬಿಟ್ಟೀನಿ."

"ಬ್ಯಾಗೂ ಕೆಳಗ ಇಡ್ರಿ."

ಶಿವಕುಮಾರಿ ಬ್ಯಾಗನ್ನು ಕೆಳಗಿಟ್ಟು ಮತ್ತೊಮ್ಮೆ ತೂಕದ ಯಂತ್ರದ ಮೇಲೆ ನಿಂತಳು. ಕೆಂಪು ಅಂಕಿಗಳು ಕೊಂಚ ಹೊತ್ತು ಹಿಂದೆ ಮುಂದೆ ಆಡಿ ಐವತ್ತೆರಡೂವರೆಗೆ ಬಂದು ನಿಂತವು. ಗುರುವಾರ ಇಲ್ಲಿಂದ ಹೋಗುವಾಗ ಅವಳು ನಲವತ್ತೆಂಟು ಇದ್ದಳು. ನಾಲ್ಕು ದಿನಕ್ಕೆ ನಾಲ್ಕೂವರೆ ಕೆಜಿ. ಅದು ಮೈಯಲ್ಲ, ಬರೀ ನೀರು ಎಂಬುದು ಅವಳಿಗೂ ಗೊತ್ತಿತ್ತು, ಎದುರಿಗೆ ನಿಂತಿದ್ದ ಡಯಾಲಿಸಿಸ್ ಟೆಕ್ನಿಷಿಯನ್ ದಾನಿಷನಿಗೂ ಗೊತ್ತಿತ್ತು.

"ನೀರಿನ ಪುಸ್ತಕ ತೋರಸ್ರಿ ನೋಡೋಣ."

ಅವಳು ತೋರಿಸಿದಳು. ದಿನಾಂಕ, ಕೆಂಪು ಗೆರೆ, ದುಂಡಗಿನ ಅಕ್ಷರ. ಏಳುನೂರು ಎಂಎಲ್, ಆರುನೂರೈವತ್ತು, ಏಳುನೂರು, ಏಳುನೂರು.

"ಅಕ್ಷರ ಭಾಳ ಚಂದ ಅದಾವ್ರಿ," ಎಂದು ದಾನಿಷ್ ಪುಸ್ತಕವನ್ನು ಮುಚ್ಚಿ ಕೊಟ್ಟ. "ಆದ್ರ ಪುಸ್ತಕ ಸುಳ್ಳು ಹೇಳಬಹುದು ಅಕ್ಕಾರ, ಕಾಟಾ ಹೇಳಂಗಿಲ್ಲ."

ಶಿವಕುಮಾರಿ ಪುಸ್ತಕವನ್ನು ಬ್ಯಾಗಿಗೆ ಹಾಕಿದಳು. ಪಾಮನಕಲ್ಲೂರಿನ ಪಂಚಾಯಿತಿ ಗ್ರಂಥಾಲಯವನ್ನು ಅವಳು ಹದಿನಾಲ್ಕು ವರ್ಷದಿಂದ ನೋಡಿಕೊಂಡು ಬಂದಿದ್ದಳು. ಯಾವ ಪುಸ್ತಕ ಯಾರ ಮನೆಗೆ ಹೋಯಿತು, ಯಾವ ಪುಟ ಹರಿದು ಬಂತು, ಎಲ್ಲವೂ ರಿಜಿಸ್ಟರಿನಲ್ಲಿ ಕರಾರುವಾಕ್ಕಾಗಿ ಇರುತ್ತಿತ್ತು. ಸುಳ್ಳು ಬರೆದದ್ದು ಈ ಒಂದು ಪುಸ್ತಕದಲ್ಲಿ ಮಾತ್ರ. ಗ್ರಂಥಾಲಯದ ಗೋಡೆಗೆ ಅಂಟಿಕೊಂಡೇ ಕುಡಿಯುವ ನೀರಿನ ಘಟಕವಿತ್ತು. ನಾಣ್ಯ ಹಾಕಿದ ಸದ್ದು, ಆಮೇಲೆ ಖಾಲಿ ಕ್ಯಾನಿನ ತಳಕ್ಕೆ ನೀರು ಬೀಳುವ ಸದ್ದು ಬೆಳಗಿನಿಂದ ಸಂಜೆಯವರೆಗೆ ಅವಳ ಬೆನ್ನ ಹಿಂದೆ ಕೇಳುತ್ತಲೇ ಇರುತ್ತಿತ್ತು. ಮಧ್ಯಾಹ್ನ ಓದುವವರು ಯಾರೂ ಇಲ್ಲದ ಹೊತ್ತಿನಲ್ಲಿ ಅವಳು ಎದ್ದು ಹೋಗಿ, ಗೋಡೆಯ ಕಡೆ ಮುಖ ಮಾಡಿ, ಸ್ಟೀಲಿನ ಗ್ಲಾಸಿನಲ್ಲಿ ಕುಡಿಯುತ್ತಿದ್ದಳು. ಕುಡಿದಾದ ಮೇಲೆ ಗ್ಲಾಸನ್ನು ಒರೆಸಿ ಒಣಗಿಸಿ ಇಡುತ್ತಿದ್ದಳು. ಬೇರೆ ಯಾರೋ ಕುಡಿದು ಹೋದ ಹಾಗೆ.

ಹಾಸಿಗೆಯ ಮೇಲೆ ಮಲಗಿ ಎಡಗೈ ಚಾಚಿದಳು. ಮೊಳಕೈಯ ಹತ್ತಿರ, ಡಯಾಲಿಸಿಸಿಗೆಂದೇ ಆಪರೇಷನ್ ಮಾಡಿ ಉಬ್ಬಿಸಿದ ನರದ ಮೇಲೆ ದಾನಿಷ್ ಎರಡು ಸೂಜಿ ಚುಚ್ಚಿದ. ಕೊಳವೆಗಳು ಕೆಂಪಾದವು, ಯಂತ್ರ ತಿರುಗತೊಡಗಿತು. ರೌಂಡ್ಸಿಗೆ ಬಂದ ಡಾಕ್ಟರಮ್ಮ ಬೆನ್ನಿನ ಮೇಲೆ ಸ್ಟೆತಸ್ಕೋಪ್ ಇಟ್ಟು ಎರಡೂ ಬದಿ ಕೇಳಿದರು.

"ಎದೆಯೊಳಗೆ ನೀರು ನಿಂತಿದೆ. ಇವತ್ತು ತೆಗೀತೇವೆ. ಇನ್ನೊಂದು ಸಲ ನಾಲ್ಕು ಕೆಜಿ ದಾಟಿ ಬಂದರೆ ನಿಮ್ಮ ಹೃದಯ ತಡೆಯೋದಿಲ್ಲ ಶಿವಕುಮಾರಿ. ಹೆದರಿಸ್ತಿಲ್ಲ, ಇರೋದನ್ನ ಹೇಳ್ತಿದ್ದೇನೆ."

"ಹೂಂರಿ," ಎಂದಳು. ಎಂಟು ತಿಂಗಳಿನಿಂದ ಹೀಗೆಯೇ ಅನ್ನುತ್ತಿದ್ದಳು.

ಸಿಂಧನೂರಿನ ಆ ಆಸ್ಪತ್ರೆಯ ಕೋಣೆಯಲ್ಲಿ ಸೋಮವಾರ ಮತ್ತು ಗುರುವಾರ ಅವಳ ಸರದಿ. ಬಲಗಡೆಯ ಹಾಸಿಗೆ ಬಾಬುಸಾಬರದು. ಮೂವತ್ತು ವರ್ಷ ಭತ್ತದ ಲಾರಿ ಓಡಿಸಿದವರು. ಎಡಗಡೆ ಮುಕ್ಕುಂದದ ಆದಮ್ಮ. ಸಸಿ ನಾಟಿ ಮಾಡಿ ಮಾಡಿ ಬಾಗಿದ ಬೆನ್ನು ಮಲಗಿದಾಗಲೂ ನೆಟ್ಟಗಾಗುತ್ತಿರಲಿಲ್ಲ. ಎದುರಿನ ಗೋಡೆಯ ಟಿವಿಯಲ್ಲಿ ದಿನವೂ ಧಾರಾವಾಹಿ. ಆ ದಿನ ಡಿಶ್ ಕೆಟ್ಟಿತ್ತು. ದಾನಿಷ್ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಹಾಕಿದ. ಪರದೆಯ ತುಂಬ ಬಿಳಿ ಬೆಟ್ಟ ಎದ್ದು ನಿಂತಿತು.

"ಇದ್ಯಾವ ಪಿಚ್ಚರ್ ಲೇ ದಾನಿಷ್?" ಎಂದರು ಬಾಬುಸಾಬರು.

"ಪಿಚ್ಚರ್ ಅಲ್ಲ ಚಾಚಾ, ಖರೇವಂದ. ಒಬ್ಬಾಕಿ ಹೆಂಗಸು ಹಿಮದ ಬೆಟ್ಟ ಹತ್ತಿದ್ದನ್ನ ಹಂಗ ತಗದಾರ."

ಯಂತ್ರಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಸಾಲುಗಳು ಬರುತ್ತಿದ್ದವು. ಐವತ್ತು ದಾಟಿದ ಹೆಂಗಸು. ಗಾಳಿಗೆ ಒಡೆದ ತುಟಿ, ಬಿಸಿಲಿಗೆ ಸುಲಿದ ಮೂಗು. ಹತ್ತು ಹೆಜ್ಜೆ ಇಡುತ್ತಿದ್ದಳು, ಕೋಲಿಗೆ ಹಣೆ ಆನಿಸಿ ನಿಲ್ಲುತ್ತಿದ್ದಳು, ಮತ್ತೆ ಹತ್ತು ಹೆಜ್ಜೆ.

"ಲೈಬ್ರರಿ ಮೇಡಂ, ಏನಂತಾಳ ಆಕಿ? ಸ್ವಲ್ಪ ನಮಗೂ ಹೇಳ್ರಿ," ಎಂದರು ಬಾಬುಸಾಬರು.

ಶಿವಕುಮಾರಿಗೆ ಮನಸ್ಸಿರಲಿಲ್ಲ. ಆದರೆ ಓದಿ ಹೇಳು ಎಂದವರಿಗೆ ಇಲ್ಲ ಅಂದ ರೂಢಿಯೂ ಅವಳಿಗೆ ಇರಲಿಲ್ಲ. "ತುದಿ ಮುಟ್ಟಾಕ ಇನ್ನೂ ಎಂಟು ದಿನ ಬೇಕಂತ. ಹಿಂದ ಎರಡು ಸಲ ಬಂದು ವಾಪಸ್ ಹೋಗ್ಯಾಳಂತ."

"ಮ್ಯಾಲ ಏನೈತವ್ವ? ಗುಡಿ ಐತೇನು?" ಎಂದು ಕೇಳಿದಳು ಆದಮ್ಮ.

"ಗುಡಿ ಇಲ್ಲವ್ವ."

"ದರ್ಗಾ?" ಎಂದರು ಬಾಬುಸಾಬರು.

"ಏನೂ ಇಲ್ಲರಿ. ಬರೇ ಗಾಳಿ."

"ಮತ್ಯಾಕ ಹತ್ತಾಕತ್ತಾಳ? ಹರಕಿ ಹೊತ್ತಾಳೇನು?"

"ಶೋಕಿ ಅಮ್ಮ, ಶೋಕಿ," ಎಂದ ದಾನಿಷ್, ಆದಮ್ಮನ ರಕ್ತದೊತ್ತಡ ನೋಡುತ್ತ.

"ನಾ ಮೂವತ್ತು ವರ್ಷ ಲೋಡ್ ಗಾಡಿ ತಗೊಂಡು ಘಾಟ್ ಹತ್ತೀನಿ," ಎಂದರು ಬಾಬುಸಾಬರು. "ಒಬ್ಬ ಮಗನೂ ಬಂದು ಫೋಟೋ ಹೊಡೀಲಿಲ್ಲ."

ಪರದೆಯ ಮೇಲೆ ಗುಡಾರ ಬಂತು. ಹೆಂಗಸು ಪುಟ್ಟ ಒಲೆ ಹೊತ್ತಿಸಿ ಪಾತ್ರೆಗೆ ಹಿಮ ತುಂಬಿದಳು. ಹಿಮ ಕುಸಿದು ಒಂದು ಬೆರಳಿನಷ್ಟು ನೀರಾಯಿತು. ಮತ್ತೆ ತುಂಬಿದಳು. ಶಿವಕುಮಾರಿ ಓದಿದಳು: "ಒಂದು ಬಾಟ್ಲಿ ನೀರಿಗೆ ಎರಡು ತಾಸು ಬೇಕಂತ. ಒಲೀ ಎಣ್ಣಿ ಕಮ್ಮಿ ಐತಂತ. ಅದಕ್ಕ ದಿನಕ್ಕ ಎರಡ ಬಾಟ್ಲಿ."

"ಸುತ್ತ ಅಷ್ಟು ಹಿಮ ಬಿದ್ದೈತಿ. ಬಾಯಾಗ ಹಾಕ್ಕೊಂಡ್ರ ಆತಲ್ಲ?" ಎಂದಳು ಆದಮ್ಮ.

"ಹಂಗ ತಿಂದ್ರ ಮೈಯಾಗಿನ ಕಾವು ಹೋಗಿ ಸಾಯ್ತಾರಂತವ್ವ."

ಆದಮ್ಮ ಪರದೆಯ ಕಡೆ ಮುಖ ತಿರುಗಿಸಿದಳು. ಆಮೇಲೆ, "ನಮ್ಮನಿ ಮುಂದ ಕಾಲುವಿ ದಂಡಿ ತುಂಬಿ ಹರೀತೈತಿ. ನಾ ಒಂದು ಬೊಗಸಿ ಕುಡಿಯಂಗಿಲ್ಲ. ಆಕೀನೂ ನಮ್ಮ ಪೈಕೀನ ಬಿಡು," ಎಂದಳು.

ಹೆಂಗಸು ಬಾಟಲಿಯ ಮುಚ್ಚಳದಲ್ಲಿ ನೀರು ಸುರಿದುಕೊಂಡು ಬಾಯಿಗೆ ಹಾಕಿಕೊಂಡಳು. ತಕ್ಷಣ ನುಂಗಲಿಲ್ಲ. ಕಣ್ಣು ಮುಚ್ಚಿ ಬಾಯೊಳಗೇ ಇಟ್ಟುಕೊಂಡಳು. ಗಂಟಲು ಕದಲುವವರೆಗೆ ಶಿವಕುಮಾರಿ ಅದನ್ನೇ ನೋಡಿದಳು. ಆ ಹೊತ್ತಿಗೆ ಅವಳ ಕಾಲಿನ ಮೀನಖಂಡ ಸೆಳೆದು ಹಿಡಿಯಿತು. ಹೆಚ್ಚು ನೀರು ತೆಗೆಯುವ ದಿನ ಹಾಗೆ ಆಗುತ್ತಿತ್ತು. ದಾನಿಷ್ ಬಂದು ಪಾದ ಹಿಡಿದು ಮೇಲಕ್ಕೆ ಒತ್ತಿದ. ನೋವು ಇಳಿಯುವಷ್ಟರಲ್ಲಿ ಡಯಾಲಿಸಿಸಿನ ನಾಲ್ಕು ತಾಸು ಮುಗಿದಿತ್ತು.

"ಉಳದದ್ದು ಗುರುವಾರ," ಎಂದು ಅವನು ಟಿವಿ ಆರಿಸಿದ.

"ಸತ್ಳೋ ಉಳದ್ಳೋ ಅಷ್ಟಾದ್ರೂ ಹೇಳೋ ಬೇಟಾ!"

"ಗುರುವಾರ ಬರ್ರಿ ಚಾಚಾ. ಆ ನೆವದಿಂದಾದ್ರೂ ತಪ್ಪಸದ ಬರ್ತೀರಿ."

ಮಸ್ಕಿಯವರೆಗೆ ಒಂದು ಬಸ್ಸು, ಅಲ್ಲಿಂದ ಪಾಮನಕಲ್ಲೂರಿಗೆ ಇನ್ನೊಂದು. ಊರು ಸೇರುವ ಹೊತ್ತಿಗೆ ಹೊತ್ತು ಇಳಿದಿತ್ತು. ಅಣ್ಣ ಪಂಪಾಪತಿಯ ಮನೆಯೇ ಅವಳ ಮನೆ. ಅಪ್ಪ ತೀರಿದ ವರ್ಷ ಬಂದ ಎರಡು ಸಂಬಂಧಗಳು ತಪ್ಪಿದವು, ಆಮೇಲೆ ಗ್ರಂಥಾಲಯದ ಕೆಲಸ ಸಿಕ್ಕಿತು, ಹಾಗೇ ಉಳಿದುಬಿಟ್ಟಳು. ಅಣ್ಣನ ಮಗಳು ರೂಪಾಳಿಗೆ ಅಕ್ಷರ ತಿದ್ದಿಸಿದವಳು ಇವಳೇ. ಈಗ ರೂಪಾ ಲಿಂಗಸುಗೂರಿನಲ್ಲಿ ಬಿ.ಕಾಂ. ಕೊನೆಯ ವರ್ಷ.

ಪಡಸಾಲೆಯಲ್ಲಿ ಅತ್ತಿಗೆ ವೀರಭದ್ರಮ್ಮ ತೊಗರಿ ಹಸನು ಮಾಡುತ್ತ ಕುಳಿತಿದ್ದಳು. ಇವಳು ಕೂತು ಉಸಿರು ಸುಧಾರಿಸಿಕೊಳ್ಳುವವರೆಗೆ ಕಾದು ಸುದ್ದಿ ಹೇಳಿದಳು.

"ಗುರುಬಸವ ಫೋನ್ ಮಾಡಿದ್ದ. ತುರ್ವಿಹಾಳದವರು ರೂಪಾನ ಒಪ್ಯಾರಂತ. ಐತವಾರ ಮನಿ ನೋಡಾಕ ಬರ್ರಿ ಅಂದಾರ."

ಗುರುಬಸವ ವೀರಭದ್ರಮ್ಮನ ತಮ್ಮ, ಲಿಂಗಸುಗೂರಿನವನು. ಸಂಬಂಧ ತಂದವನೂ ಅವನೇ.

"ಚಲೋ ಆತಲ್ಲ ಅತ್ತಿಗಿ."

"ನೀರಾವರಿ ಮನಿ. ಹತ್ತೆಕರೆ ಭತ್ತ. ಹುಡುಗನ ಹೆಸರು ವೀರೇಶ, ಟ್ರ್ಯಾಕ್ಟರ್ ಅದಾವ. ನಮ್ಮಂಥ ಮಳಿ ನಂಬಿದವರಿಗೆ ಇಂಥಾದ್ದು ದಿನಾ ಬರತೈತೇನು?" ವೀರಭದ್ರಮ್ಮ ಮೊರದಲ್ಲಿದ್ದ ಕಲ್ಲನ್ನು ಹೆಕ್ಕಿ ಎಸೆದಳು. "ಐದು ಮಂದಿ ಹೋಗಬೇಕು. ನಾವಿಬ್ರು, ಗುರುಬಸವ, ಆತನ ಹೇಣ್ತಿ, ನೀನು. ಹುಡುಗಿ ಸೋದರತ್ತಿ ಯಾಕ ಬರಲಿಲ್ಲ ಅಂತ ಕೇಳಬಾರದಲ್ಲ."

ಶಿವಕುಮಾರಿ ಕಾಯ್ದಳು. ಅತ್ತಿಗೆಯ ಮಾತಿನಲ್ಲಿ ಮುಖ್ಯವಾದದ್ದು ಯಾವಾಗಲೂ ಎರಡನೆಯ ಸಲಕ್ಕೆ ಬರುತ್ತಿತ್ತು.

"ನೀ ತಪ್ಪು ತಿಳಕೋಬ್ಯಾಡ ಕುಮಾರಿ. ನಿನ್ನ ಕಾಯಿಲಿ ಅವರಿಗೆ ಹೇಳಿಲ್ಲ. ಕಿಡ್ನಿ ಅಂದಕೂಡ್ಲೆ ಮಂದಿ ವಂಶಕ್ಕ ಹೋಗ್ತಾರ. ಉದ್ದ ತೋಳಿನ ಜಂಪರ್ ಹಾಕ್ಕೋ. ಮತ್ತ ನೀರು…"

"ಗೊತ್ತೈತಿ."

ಗೊತ್ತಿತ್ತು. ಹೆಣ್ಣಿನ ಕಡೆಯವರು ಹೋಗಿ ಮನೆ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಎಲ್ಲ ನೋಡುತ್ತಾರೆ. ಅಲ್ಲಿಯವರೆಗೆ ಹನಿ ನೀರು ಮುಟ್ಟುವುದಿಲ್ಲ. ಮನೆ ಒಪ್ಪಿದರೆ ಕೂತು, ಅವರು ಕೊಟ್ಟ ತಂಬಿಗೆಯ ನೀರನ್ನು ಎಲ್ಲರೂ ಪೂರ್ತಿ ಕುಡಿಯಬೇಕು. ಒಬ್ಬರು ಉಳಿಸಿದರೂ ಒಲ್ಲೆವು ಎಂದ ಹಾಗೆ. ಬಾಯಿ ಬಿಟ್ಟು ಯಾರೂ ಒಪ್ಪಿಗೆ ಎಂದು ಹೇಳುವುದಿಲ್ಲ, ತಂಬಿಗೆಯೇ ಹೇಳುತ್ತದೆ.

"ಒಂದ ತಂಬಗಿ ಕುಮಾರಿ. ಮರುದಿನ ಹೆಂಗಿದ್ರೂ ನಿನ್ನ ಮಷೀನು ಇರತೈತಿ."

ಮರುದಿನ ಬೆಳಿಗ್ಗೆ ಅವಳು ಬಾಟಲಿಯ ಮುಚ್ಚಳದಲ್ಲಿ ನೀರು ಸುರಿದು ಚಮಚದಿಂದ ಅಳೆದಳು. ಆರು ಎಂಎಲ್. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಳು. ದಾಹ ಹೋಗಲಿಲ್ಲ, ಆದರೆ ನಾಲಗೆ ಅಂಗುಳಿನಿಂದ ಬಿಟ್ಟುಕೊಂಡಿತು. ಮಧ್ಯಾಹ್ನ ಗೋಡೆಯಾಚೆ ಕ್ಯಾನಿಗೆ ನೀರು ಬೀಳುವ ಸದ್ದಾದಾಗ ಎದ್ದು ಹೋಗಿ ಒಂದು ಗ್ಲಾಸು ಕುಡಿದಳು. ಕುಡಿದು ಬಂದು ಪುಸ್ತಕ ತೆಗೆದಳು. ಪೆನ್ನು ಹಿಡಿದು ಬಹಳ ಹೊತ್ತು ಕೂತು, ಕೊನೆಗೆ ಇದ್ದದ್ದನ್ನೇ ಬರೆದಳು. ಸಾವಿರದ ಐವತ್ತು. ಕಣ್ಣಿಗೆ ಹೊಡೆಯುವಂಥ ಅಂಕಿ. ಬುಧವಾರ ಎಂಟುನೂರು ಬರೆದಳು. ಅದೂ ಇದ್ದದ್ದೇ.

ಗುರುವಾರ ತೂಕ ಐವತ್ತು ಚಿಲ್ಲರೆ. ದಾನಿಷ್ ಕಾಟಾ ನೋಡಿದ, ಪುಸ್ತಕ ನೋಡಿದ, ಬರೆದುಕೊಂಡ. ಬಾಬುಸಾಬರು ಆಗಲೇ ದಿಂಬು ಎತ್ತರಿಸಿಕೊಂಡು ಕುಳಿತಿದ್ದರು. "ಜಲ್ದಿ ಸೂಜಿ ಹಾಕೋ ಮಾರಾಯ, ಆಕಿ ಅಲ್ಲಿ ಬೆಟ್ಟದಾಗ ಕಾಯಾಕತ್ತಾಳ."

ಕೊನೆಯ ದಿನದ ಏರು. ಹೆಂಗಸಿನ ಮುಖ ಗವಸಿನೊಳಗೆ ಕಾಣುತ್ತಿರಲಿಲ್ಲ, ಹೊರಗೆ ಬರುವ ಉಸಿರಿನ ಹೊಗೆ ಮಾತ್ರ ಕಾಣುತ್ತಿತ್ತು. ಈಗ ಐದೈದೇ ಹೆಜ್ಜೆ. ತುದಿ ಕಾಣುತ್ತಿತ್ತು, ಗ್ರಂಥಾಲಯದಿಂದ ಬಸ್‌ಸ್ಟ್ಯಾಂಡಿನಷ್ಟು ದೂರ ಎಂದು ಶಿವಕುಮಾರಿ ಅಳೆದಳು. ಹೆಂಗಸು ನಿಂತಳು. ಕೈಗವಸು ಸರಿಸಿ ಗಡಿಯಾರ ನೋಡಿದಳು. ಕೋಲು ಊರಿ ಮತ್ತೆರಡು ಹೆಜ್ಜೆ ಹೋಗಿ ಮತ್ತೆ ನಿಂತಳು. ವಾಕಿಟಾಕಿ ತೆಗೆದು ಬಾಯಿಗೆ ಹಿಡಿದಳು.

"ಏನಂತಾಳ?" ಎಂದಳು ಆದಮ್ಮ.

ಶಿವಕುಮಾರಿ ಸಾಲುಗಳನ್ನು ಒಂದೊಂದಾಗಿ ಓದಿ ಕನ್ನಡ ಮಾಡಿದಳು. "ನನ್ನ ಎಡಗಾಲಿನ ಎರಡು ಬೆರಳಿನಾಗ ಸ್ಪರ್ಶ ಇಲ್ಲ. ನೀರು ಅರ್ಧ ಬಾಟ್ಲಿ ಉಳದೈತಿ. ಗಂಟಿ ಎರಡಾತು. ತುದಿ ಕಾಣಾಕತ್ತೈತಿ. ನಾ ಕೆಳಗ ಇಳೀತೀನಿ."

ಕೋಣೆಯಲ್ಲಿ ಯಂತ್ರಗಳು ತಿರುಗುತ್ತಿದ್ದವು.

"ಅವರೇನಂದ್ರು, ಕೆಳಗಿನವರು?"

"ಆತು ಅಂದ್ರು. ಚಾ ಇಟ್ಟಿರ್ತೀವಿ ಅಂದ್ರು."

"ತೋಬಾ!" ಬಾಬುಸಾಬರು ದಿಂಬಿಗೆ ಒರಗಿದರು. "ಅಷ್ಟು ದೂರ ಹೋಗಿ ವಾಪಸ್ ಬಂದ್ಲಾ? ಹೈದರಾಬಾದ್ ತನಕ ಲೋಡ್ ಒಯ್ದು ಮಿಲ್ ಮುಂದಿಂದ ಗಾಡಿ ತಿರಿಗಿಸಿದಂಗಾತು. ಮೂರನೇ ಸಲ ಬ್ಯಾರೆ!"

"ಜೀವ ಉಳೀತಲ್ಲೋ ಸಾಬಣ್ಣ," ಎಂದಳು ಆದಮ್ಮ. ಆಮೇಲೆ ಈ ಕಡೆ ತಿರುಗಿ ಕೇಳಿದಳು: "ಆಕೀಗೆ ನಾಚಿಕಿ ಆಗಲಿಲ್ಲೇನವ್ವ? ಅಷ್ಟು ಮಂದಿ ಮುಂದ ನನ್ನ ಕೈಲಿ ಆಗಂಗಿಲ್ಲ ಅನ್ನಾಕ?"

ಶಿವಕುಮಾರಿ ಪರದೆ ನೋಡಿದಳು. ಹೆಂಗಸು ಮುಖದ ಗವಸು ತೆಗೆದು ಮೂಗು ಒರೆಸಿಕೊಳ್ಳುತ್ತಿದ್ದಳು. ಅಳುವಿರಲಿಲ್ಲ, ನಗುವಿರಲಿಲ್ಲ. ಬೆನ್ನಿನ ಚೀಲದ ಪಟ್ಟಿ ಸರಿಮಾಡಿಕೊಂಡು, ಕಾಲು ಇಡುವ ಜಾಗವನ್ನು ಕೋಲಿನಿಂದ ತಟ್ಟಿ ನೋಡಿ, ಇಳಿಯತೊಡಗಿದಳು.

"ಮಾರಿ ನೋಡಿದ್ರ ಹಂಗೇನು ಕಾಣವಲ್ದು," ಎಂದಳು. "ಆಕಿ ನನ್ನ ಕೈಲಿ ಆಗಂಗಿಲ್ಲ ಅನ್ನಲಿಲ್ಲವ್ವ. ಎಷ್ಟೈತಿ, ಎಷ್ಟಿಲ್ಲ, ಅಷ್ಟ ಹೇಳಿದ್ಲು."

ಶನಿವಾರ ಊರಿಗೆ ಬಂದ ರೂಪಾ ರಾತ್ರಿ ಊಟದ ಮೇಲೆ ಪಕ್ಕ ಬಂದು ಕುಳಿತಳು. ಅತ್ತೆಯ ಎಡಗೈ ಹಿಡಿದು, ಉಬ್ಬಿದ ನರದ ಮೇಲೆ ಬೆರಳಿಟ್ಟು ಅದು ಗುಂಯ್‌ಗುಡುವುದನ್ನು ಕೇಳಿಸಿಕೊಳ್ಳುವುದು ಅವಳ ಅಭ್ಯಾಸ.

"ಅತ್ತಿ, ಅಪ್ಪ ಹೊಲ ನೋಡ್ತಾನ, ಅವ್ವ ಪಾತ್ರಿ ನೋಡ್ತಾಳ. ನೀ ಬ್ಯಾರೇದು ನೋಡು."

"ಏನ್ ನೋಡ್ಲಿ?"

"ಕೂತು ಓದಾಕ ಒಂದು ಜಾಗ ಐತೇನು. ಆಂವ ತಮ್ಮ ಅವ್ವನ ಜೋಡಿ ಹೆಂಗ ಮಾತಾಡ್ತಾನ. ನೀ ಚಲೋ ಐತಿ ಅಂದ್ರ ನನಗ ಚಲೋ ಐತಿ."

ಭಾನುವಾರ ಬಾಡಿಗೆ ಕಾರು ಮಸ್ಕಿಯಲ್ಲಿ ನಿಂತಿತು. ಪಂಪಾಪತಿಗೆ ಅಲ್ಲಿ ಬೀಜ ಗೊಬ್ಬರದ ಅಂಗಡಿ. ಹಣ್ಣಿನ ಬುಟ್ಟಿ ಅಲ್ಲಿಟ್ಟಿದ್ದ. ಅವನು ಶಟರ್ ಎತ್ತಿ ಒಳಗೆ ಹೋದಾಗ ಶಿವಕುಮಾರಿಯೂ ಇಳಿದು ಹೋಗಿ ಚೀಲ ತೂಗುವ ಕಾಟಾದ ಮೇಲೆ ನಿಂತಳು. ಐವತ್ತೊಂದು. ಮೂರು ದಿನಕ್ಕೆ ಮೂರು ಕೆಜಿ. ಇನ್ನೂ ಒಂದು ಹಗಲು, ಒಂದು ರಾತ್ರಿ ಬಾಕಿ. ತಂಬಿಗೆ ಅಂದರೆ ಅರ್ಧ ಲೀಟರಿಗೆ ಕಮ್ಮಿಯಿಲ್ಲ. ಅದರ ಮೇಲೆ ಶರಬತ್ತು, ಚಹಾ, ಊಟಕ್ಕೆ ಕೂರಿಸಿದರೆ ಸಾರು, ಮಜ್ಜಿಗೆ.

"ಎಷ್ಟೈತಿ?" ಎಂದ ಪಂಪಾಪತಿ, ಬುಟ್ಟಿ ಎತ್ತಿಕೊಂಡು.

"ಐವತ್ತೊಂದು."

"ಹಂಗಂದ್ರ?"

"ನಾಳಿತನಕ ಇನ್ನೊಂದು ಕೆಜಿಗೆ ಜಾಗ ಇಲ್ಲ ಅಣ್ಣ."

ಅವನು ಕಾಟಾ ನೋಡಿದ, ಅವಳ ಪಾದ ನೋಡಿದ. ಚಪ್ಪಲಿಯ ಪಟ್ಟಿ ಊದಿದ ಚರ್ಮದಲ್ಲಿ ಗೆರೆ ಕೊರೆದಿತ್ತು. "ನೋಡೋಣ ನಡಿ," ಎಂದು ಶಟರ್ ಎಳೆದ.

ಸಿಂಧನೂರು ದಾಟಿದ ಮೇಲೆ ಎರಡೂ ಬದಿ ಹಸಿರು. ಹೋಳಿ ಮುಗಿದಿತ್ತು, ಬೇಸಿಗೆಯ ಭತ್ತ ಹೊಡೆ ಒಡೆಯುತ್ತಿತ್ತು. ತೆರೆದ ಕಿಟಕಿಯಿಂದ ಕಾಲುವೆಯ ಹಸಿ ವಾಸನೆ ಬಂದು ಮುಖಕ್ಕೆ ಬಡಿಯಿತು. ಶಿವಕುಮಾರಿ ಕಿಟಕಿ ಏರಿಸಿಕೊಂಡಳು.

ತುರ್ವಿಹಾಳದ ಮನೆ ಮುಂದೆ ಹೊಸ ಆರ್‌ಸಿಸಿ, ಹಿಂದೆ ಹಳೆಯ ಮಣ್ಣಿನ ಮಾಳಿಗೆ. ಹುಡುಗನ ತಂದೆ ಆದೆಪ್ಪ ಬಾಗಿಲಲ್ಲೇ ಎದುರುಗೊಂಡ. ಅವನ ತಾಯಿ, ಎಂಬತ್ತರ ಅಜ್ಜಿ, ಪಡಸಾಲೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬಂದವರನ್ನು ಒಬ್ಬೊಬ್ಬರನ್ನಾಗಿ ತೂಗಿ ನೋಡಿದಳು. ಎಲ್ಲರೂ ಮನೆ ಸುತ್ತಿದರು. ಪಂಪಾಪತಿ ಕೊಟ್ಟಿಗೆ ನೋಡಿದ, ವೀರಭದ್ರಮ್ಮ ಅಡುಗೆಮನೆಯ ಪಾತ್ರೆ ನೋಡಿದಳು. ಶಿವಕುಮಾರಿ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ ಎಂದು ನೋಡಿದಳು. ಇತ್ತು. ಮಾಳಿಗೆಯ ಕೋಣೆಯಲ್ಲಿ ಕಿಟಕಿಗೆ ಹತ್ತಿ ಒಂದು ಮೇಜು, ಅದರ ಮೇಲೆ ಟ್ರ್ಯಾಕ್ಟರಿನ ಯಾವುದೋ ಭಾಗ, ಹಳೆಯ ದಿನಪತ್ರಿಕೆಗಳು. ಭಾಗವನ್ನು ಎತ್ತಿಟ್ಟರೆ ಮೇಜಾಗುತ್ತಿತ್ತು. ಕೆಳಗೆ ಬರುವಾಗ ವೀರೇಶ ತಾಯಿಯ ಕೈಯಿಂದ ತುಂಬಿದ ಕೊಡ ಇಸಿದುಕೊಂಡು, "ನೀ ಸರಿ ಯವ್ವಾ, ಬೆನ್ನು ಹಿಡದೈತಿ ಅಂತಿದ್ದೆಲ್ಲ," ಎಂದದ್ದು ಕಿವಿಗೆ ಬಿತ್ತು. ಯಾರೋ ನೋಡುತ್ತಿದ್ದಾರೆಂದು ಅಂದದ್ದಲ್ಲ. ಅವನಿಗೆ ಇವಳು ಕಂಡಿರಲಿಲ್ಲ.

ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಕೂತರು. ಹಿತ್ತಾಳೆಯ ತಟ್ಟೆಯಲ್ಲಿ ಬೆಲ್ಲ ಮತ್ತು ಐದು ತಂಬಿಗೆ ನೀರು ಬಂತು. ಹೊರಗೆ ತಣ್ಣಗೆ ಬೆವರಿದ್ದವು. ಪಂಪಾಪತಿ ಹೆಂಡತಿಯ ಮುಖ ನೋಡಿದ, ಅವಳು ರೆಪ್ಪೆ ಇಳಿಸಿದಳು. ಅವನು ತಂಬಿಗೆ ಎತ್ತಿ ಗಟಗಟ ಕುಡಿದ. ಗುರುಬಸವ ಕುಡಿದ, ಅವನ ಹೆಂಡತಿ ಕುಡಿದಳು, ವೀರಭದ್ರಮ್ಮ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಎತ್ತಿ ಸುರಿದುಕೊಂಡರೆ ಅಳತೆ ಸಿಗುವುದಿಲ್ಲ. ಶಿವಕುಮಾರಿ ತಂಬಿಗೆಯ ಅಂಚನ್ನು ತುಟಿಗೆ ಹಚ್ಚಿ ಒಂದೇ ಗುಟುಕು ತೆಗೆದುಕೊಂಡಳು. ಬಾಯೊಳಗೇ ಹಿಡಿದಳು. ಕಾಲುವೆಯ ನೀರಲ್ಲ, ಬಾವಿಯದು, ಸಿಹಿಯಾಗಿತ್ತು. ಕೈ ತಂತಾನೇ ಮತ್ತೆ ಮೇಲೆತ್ತಲು ಹೋಯಿತು. ನುಂಗಿ, ತಂಬಿಗೆಯನ್ನು ತಟ್ಟೆಯಲ್ಲಿಟ್ಟಳು.

ಅಜ್ಜಿ ತುಂಬಿದ ತಂಬಿಗೆಯನ್ನು ನೋಡಿದಳು. "ಯಾಕವ್ವ, ನಮ್ಮ ನೀರು ಸೇರಲಿಲ್ಲೇನು?"

"ಆಕೀಗೆ ನೆಗಡಿ ಆಗೈತ್ರಿ ಅಮ್ಮಾರ," ಎಂದ ಪಂಪಾಪತಿ ತಡವಿಲ್ಲದೆ. "ತಣ್ಣಂದು ಆಗಿಬರಂಗಿಲ್ಲ."

"ಅಷ್ಟ ಅಲ್ಲೇನು! ಏ ವೀರೇಶಾ, ನಿಮ್ಮವ್ವಗ ಹೇಳು, ಶುಂಠಿ ಕಷಾಯ ಕಾಸಿ ತರ್ಲಿ. ಸಣ್ಣ ಗ್ಲಾಸಿನಾಗ ಅಲ್ಲ, ಆ ಮಜ್ಜಿಗಿ ಗ್ಲಾಸಿನಾಗ ತುಂಬ. ಕುಡದಷ್ಟೂ ನೆಗಡಿ ಓಡತೈತಿ."

ಕಷಾಯ ಬಂತು. ಗೇಣಿನಷ್ಟು ಎತ್ತರದ ಸ್ಟೀಲಿನ ಗ್ಲಾಸು, ಮೇಲೆ ಹಬೆ. ಈಗ ಅವಳ ಮುಂದೆ ಎರಡು ಪಾತ್ರೆಗಳಾದವು.

"ಕುಡೀ ತಂಗಿ, ಔಷಧಿ ಇದ್ದಂಗ," ಎಂದ ಗುರುಬಸವ. ಅವನ ದನಿಯಲ್ಲಿ ಬೇಡಿಕೆಯಿತ್ತು. ವೀರಭದ್ರಮ್ಮ ಮೊಣಕೈಯಿಂದ ಮೆಲ್ಲಗೆ ತಿವಿದಳು. ಆದೆಪ್ಪ ಕಾಯುತ್ತಿದ್ದ.

"ನನಗ ನೆಗಡಿ ಆಗಿಲ್ಲರಿ," ಎಂದಳು ಶಿವಕುಮಾರಿ.

ಅವಳ ದನಿ ಗ್ರಂಥಾಲಯದಲ್ಲಿ ಮುದುಕರಿಗೆ ಪತ್ರಿಕೆ ಓದಿ ಹೇಳುವಾಗಿನಷ್ಟೇ ಸಮವಾಗಿತ್ತು. "ನನ್ನ ಎರಡೂ ಕಿಡ್ನಿ ಕೆಲಸ ಮಾಡಂಗಿಲ್ಲ. ಎಂಟ್ ತಿಂಗಳಾತು. ಸೋಮವಾರ, ಗುರುವಾರ ಸಿಂಧನೂರಿನಾಗ ಮಷೀನ್ ಹಚ್ಚಿ ರಕ್ತ ತೊಳೀತಾರ. ನನಗ ದಿನಕ್ಕ ಏಳ್ನೂರು ಎಂಎಲ್ ನೀರು. ಇವತ್ತಿಂದು ನಾನ್ನೂರು ಮುಗದೈತಿ. ಮಲಗೋತನಕ ಮುನ್ನೂರು ಉಳದೈತಿ. ಇದನ್ನ ಕುಡದ್ರ ನಾಳಿ ಮುಂಜಾನಿತನಕ ನನ್ನ ಎದಿ ತಡಿಯಂಗಿಲ್ಲ."

ವೀರಭದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಂಪಾಪತಿ ಜಮಖಾನೆಯ ಎಳೆಯೊಂದನ್ನು ಕೀಳತೊಡಗಿದ.

"ಗುರುಬಸವಣ್ಣ," ಎಂದ ಆದೆಪ್ಪ ನಿಧಾನವಾಗಿ, "ನಿನಗ ಇದು ಗೊತ್ತಿತ್ತೇನು?"

ಗುರುಬಸವ ಹೆಗಲ ಟವೆಲ್ ತೆಗೆದು ಮಡಚಿ ಮತ್ತೆ ಹಾಕಿಕೊಂಡ. "ಹೇಳಬೇಕಂತ ಇದ್ದೆ ಮಾವ. ಹೊತ್ತು ಬರಲಿಲ್ಲ."

"ಹೊತ್ತು ಬರಲಿಲ್ಲ!" ಆದೆಪ್ಪ ಶಿವಕುಮಾರಿಯ ಕಡೆ ತಿರುಗಿದ. "ತಪ್ಪು ತಿಳೀಬ್ಯಾಡ್ರಿ. ಇದು ಮನೆತನದಾಗ ಬರೋದೇನು?"

"ಅಲ್ಲರಿ. ನನಗ ಬಿಪಿ ಇತ್ತು, ಗೊತ್ತಾಗಲಿಲ್ಲ. ನಾಕು ವರ್ಷ ತಲಿನೋವಿಗೆ ಅಂಗಡಿ ಗುಳಿಗಿ ನುಂಗಿದೆ. ರೂಪಾಂದು ರಕ್ತ ಪರೀಕ್ಷಾ ಮಾಡಿಸಿ ಇಟ್ಟೀನಿ, ಚಲೋ ಐತಿ. ಡಾಕ್ಟರಮ್ಮನ ಹೆಸರು ಬರದು ಕೊಡ್ತೀನಿ. ನೀವ ಹೋಗಿ ಕೇಳ್ರಿ."

"ಕೇಳಬೇಕಾಗತೈತಿ."

"ಕೇಳ್ರಿ."

ಕಷಾಯದ ಹಬೆ ತೆಳುವಾಗುತ್ತಿತ್ತು. ಒಳಬಾಗಿಲಲ್ಲಿ ವೀರೇಶನೂ ಅವನ ತಾಯಿಯೂ ಬಂದು ನಿಂತಿದ್ದರು. ಆದೆಪ್ಪ ಏಳುವವನ ಹಾಗೆ ಮೊಣಕಾಲಿಗೆ ಕೈ ಊರಿದ. ಅವನು ಎದ್ದರೆ ಬಂದವರೂ ಏಳಬೇಕಾಗುತ್ತಿತ್ತು.

"ಕೂಡೋ," ಎಂದಳು ಅಜ್ಜಿ. ಅವಳು ಕಟ್ಟೆಯಿಂದಿಳಿದು, ನೆಲಕ್ಕೆ ಕೈಯೂರುತ್ತ ಬಂದು ಶಿವಕುಮಾರಿಯ ಎದುರು ಕೂತಳು.

"ಈಗ ಒಂದು ಗುಟುಕು ಕುಡದ್ಯಲ್ಲ. ಅದೂ ಲೆಕ್ಕದಾಗ ಐತೇನು?"

"ಐತ್ರಿ."

"ಬಾಯಿ ಆರಂಗಿಲ್ಲೇನು ನಿನಗ?"

"ಆರತೈತ್ರಿ. ಯಾವಾಗ್ಲೂ."

ಅಜ್ಜಿ ತಲೆಯಾಡಿಸಿದಳು. "ಅದು ಹೋಗ್ಲಿ. ಎಲ್ಲಾ ಕಡಿ ಅಡ್ಡಾಡಿ ನೋಡಿದಿ, ಬಚ್ಚಲದ ಚಿಲಕಾನೂ ಸರಿಸಿ ನೋಡಿದಿ. ನಾ ನೋಡಿಲ್ಲ ಅಂತ ತಿಳಕೊಂಡ್ಯಾ? ಮನಿ ನಿನಗ ಒಪ್ಪಿಗಿ ಐತೋ ಇಲ್ಲೋ, ಅದನ್ನ ಹೇಳು."

"ಐತ್ರಿ. ಅದಕ್ಕ ಹೇಳಿದೆ," ಎಂದಳು ಶಿವಕುಮಾರಿ. "ಒಲ್ಲದ ಮನಿಗೆ ನೆಗಡಿ ನೆವಾನ ಸಾಕಿತ್ತು."

ಬಾಗಿಲಲ್ಲಿ ವೀರೇಶ ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ಅಜ್ಜಿ ಅವಳ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ತಟ್ಟೆಯಲ್ಲಿದ್ದ ತುಂಬಿದ ತಂಬಿಗೆಯನ್ನು ತೆಗೆದುಕೊಂಡಳು.

"ಯವ್ವಾ, ಅದು ಎಂಜಲೈತಿ. ಆಕಿ ಬಾಯಿ ಹಚ್ಯಾಳ," ಎಂದ ಆದೆಪ್ಪ.

ಅಜ್ಜಿಗೆ ಕೇಳಿಸಿತೋ ಇಲ್ಲವೋ. ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಬಾಯಿಗೆ ಹಚ್ಚಿದಳು. ಅರ್ಧಕ್ಕೆ ನಿಲ್ಲಿಸಿ ಉಸಿರು ತೆಗೆದುಕೊಂಡಳು, ಯಾರೂ ಕದಲಲಿಲ್ಲ. ಮತ್ತೆ ಎತ್ತಿದಳು. ಕಟವಾಯಿಯಿಂದ ಇಳಿದ ನೀರು ಗದ್ದ ದಾಟಿ, ಸುಕ್ಕುಗಟ್ಟಿದ ಕೊರಳಲ್ಲಿ ದಾರಿ ಹುಡುಕಿಕೊಂಡು, ಶಿವದಾರವನ್ನು ಹಿಡಿದು ಕೆಳಗೆ ಹರಿಯುತ್ತಿತ್ತು.